ಗಡಿಯೂರಿನ ಮಾಲು ತಟ್ಟಿ ನೋಡಿದವರು

ಕಾಕಾ ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿಯೇ ನನಗೆ ಫೋನು ಮಾಡಿ ಹೇಳಿದರು. ಆಕೆಯನ್ನು ನಾನು ಕಾಕು ಅನ್ನುತ್ತಿದ್ದೆ. "ನಿಮ್ಮ ಕಾಕಾ ಹೋದ್ರಪಾ. ಮುಂಜಾನಿ ಚಹಾ ಕುಡದ್ರು, ಪೇಪರ ಹಿಡಕೊಂಡು ಕುಂತ್ರು, ಹಂಗ ಹೋದ್ರು" ಎಂದರು. ದನಿಯಲ್ಲಿ ಅಳು ಇರಲಿಲ್ಲ, ಬಹಳ ದಣಿವಿತ್ತು. ನಾನು ಪುಣೆಯ ಕಾತ್ರಜದಲ್ಲಿದ್ದ ಅವರ ಮನೆ ಮುಟ್ಟುವ ಹೊತ್ತಿಗೆ ಹತ್ತು ಹನ್ನೆರಡು ಮಂದಿ ಸೇರಿದ್ದರು. ನಮ್ಮ ಕಾರ್ಖಾನೆಯಿಂದ ನಿವೃತ್ತರಾದ ಮೂರ್ನಾಲ್ಕು ಜನ, ಅಕ್ಕಪಕ್ಕದ ಮರಾಠಿ ಮನೆಯವರು. ಮಗಳು ನಾಸಿಕದಿಂದ ಹೊರಟಿದ್ದಳು. ಊರಿಗೆ ತಿಳಿಸಿದ್ದೀರಾ ಎಂದು ಕೇಳಿದೆ. ಬೆಳಿಗ್ಗೆಯೇ ತಿಳಿಸಿದ್ದೇನೆ ಎಂದರು ಕಾಕು. ಊರು ಬಸ್ಸಿನಲ್ಲಿ ಆರು ತಾಸಿನ ದಾರಿ. ಮಗಳಿಗಾಗಿ ಹೇಗೂ ಸಂಜೆಯವರೆಗೆ ಕಾಯಬೇಕಿತ್ತು, ಕಾದೆವು. ಮಗಳು ಬಂದಳು. ಊರಿನಿಂದ ಒಬ್ಬರೂ ಬರಲಿಲ್ಲ.

ಆ ಊರು ಕರ್ನಾಟಕದ ಕಟ್ಟಕಡೆಯ ಅಂಚಿನಲ್ಲಿದೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಊರಿನಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಎರಕ ಹೊಯ್ಯುವ ಹನ್ನೆರಡು ಹದಿಮೂರು ಶೆಡ್ಡುಗಳಿದ್ದವು, ಅವುಗಳಲ್ಲಿ ಬಹುಪಾಲು ನಡೆಯುತ್ತಿದ್ದದ್ದು ಈ ಒಬ್ಬ ಮನುಷ್ಯ ತಂದುಕೊಟ್ಟ ಕೆಲಸದಿಂದ.

ತೊಂಬತ್ತರ ದಶಕದ ಮೊದಮೊದಲು ನಾನು ಧಾರವಾಡದಿಂದ ಪುಣೆಗೆ ಬಂದು, ಹೊಲಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ ತಯಾರಿಸುವ ಒಂದು ಕಾರ್ಖಾನೆಗೆ ಸೇರಿದೆ. ಹೊರಗಿನ ಸಣ್ಣ ಉದ್ಯಮಿಗಳು ಮಾಡಿ ಕಳಿಸಿದ ಭಾಗಗಳನ್ನು ಪರೀಕ್ಷಿಸಿ ಒಳಗೆ ಬಿಡುವ, ಇಲ್ಲವೇ ತಿರುಗಿ ಕಳಿಸುವ ವಿಭಾಗ ನನ್ನದು. ಅದರ ಮುಖ್ಯಸ್ಥರು ಅವರು. ಕಾರ್ಖಾನೆಯಲ್ಲಿ ಕಾವಲಿನವನಿಂದ ಹಿಡಿದು ಡೈರೆಕ್ಟರರವರೆಗೆ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಮರಾಠಿಯವರಿಗೂ ನಮಗೂ ಒಪ್ಪುವ ಶಬ್ದ ಅದು. ಎದುರಿಗಿದ್ದವರ ಬಾಯಿಂದ ಮೊದಲ ಮಾತು ಯಾವ ಭಾಷೆಯಲ್ಲಿ ಬಂತೋ ಅದರಲ್ಲೇ ಕಾಕಾನ ಉತ್ತರ. ನೀವು ಮೂಲತಃ ಯಾವ ಕಡೆಯವರು ಎಂದು ಯಾರಾದರೂ ಕೆದಕಿದರೆ ಮಾತ್ರ ಅವರ ಮುಖ ಸಣ್ಣದಾಗುತ್ತಿತ್ತು. "ಬೆಂಗಳೂರಿಗೆ ನಾವು ದೂರದವರು, ಮುಂಬೈಗೆ ನಾವು ಬ್ಯಾರೇದವರು" ಎನ್ನುತ್ತಿದ್ದರು.

ಸೇರಿದ ಮೊದಲ ದಿನ ನನ್ನನ್ನು ಅಂಗಳಕ್ಕೆ ಕರೆದೊಯ್ದು ಎರಡು ಗಾಲಿಗಳ ಮುಂದೆ ನಿಲ್ಲಿಸಿದರು. ಎಂಜಿನ್ನಿನ ಪಕ್ಕಕ್ಕೆ ಕೂಡುವ, ಬಂಡಿಯ ಗಾಲಿಯಷ್ಟೇ ಭಾರವೆನಿಸುವ ಎರಕದ ಗಾಲಿಗಳು. ಒಂದು ಸಣ್ಣ ಸುತ್ತಿಗೆ ತೆಗೆದು ಮೊದಲನೆಯದನ್ನು ತಟ್ಟಿದರು, ಗಂಟೆಯ ಹಾಗೆ ನಾದ ಬಂತು. ಎರಡನೆಯದನ್ನು ತಟ್ಟಿದರು. ನನಗೆ ಅದೂ ಹಾಗೇ ಕೇಳಿತು. ಅವರು ತಲೆ ಅಲ್ಲಾಡಿಸಿದರು. ಇದರೊಳಗೆ ಎಲ್ಲೋ ಸೀಳಿದೆ, ಕಣ್ಣಿಗೆ ಕಾಣುವುದಿಲ್ಲ, ದನಿ ಮಾತ್ರ ಕಡೆಗೆ ಬಂದು ಮುರಿಯುತ್ತದೆ ಎಂದರು. ಅಂಥದ್ದು ಒಳಗೆ ಹೋದರೆ ಎಲ್ಲೋ ಒಂದು ಬಾವಿಯ ದಂಡೆಯ ಮೇಲೆ, ಪೂರ್ಣ ವೇಗದಲ್ಲಿ ತಿರುಗುವಾಗ ಒಡೆಯುತ್ತದೆ. ಪಕ್ಕದಲ್ಲಿ ನಿಂತ ರೈತ ಉಳಿಯುವುದಿಲ್ಲ. ಅವರ ತಂದೆ ಊರಿನಲ್ಲಿ ಎರಕ ಹೊಯ್ಯುತ್ತಿದ್ದವರು. ಕಿವಿ ಅಲ್ಲಿಂದ ಬಂದದ್ದು. ನನಗೆ ಆ ಕಿವಿ ಕೊನೆಯವರೆಗೂ ಬರಲಿಲ್ಲ. ನಾನು ಅಳತೆಯ ಪಟ್ಟಿ, ರಿಜಿಸ್ಟರು ನೋಡಿಕೊಂಡೆ. ತಟ್ಟುವುದು ಅವರ ಕೆಲಸವಾಗಿಯೇ ಉಳಿಯಿತು.

ಇನ್ನೊಂದು ಸಂಗತಿ ಬೇಗ ಗೊತ್ತಾಯಿತು. ಮಾಲು ಕಳಿಸುವವರ ಮನೆಯಲ್ಲಿ ಅವರು ಊಟ ಮಾಡುತ್ತಿರಲಿಲ್ಲ. ಸ್ವಂತ ಊರಿನಲ್ಲೂ ಅಷ್ಟೇ. ಹದಿನೈದು ದಿನಕ್ಕೊಮ್ಮೆ ಶೆಡ್ಡುಗಳನ್ನು ನೋಡಲು ಹೋಗುವಾಗ ಕಾಕು ಮಾಡಿಕೊಟ್ಟ ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ಊರಿನವರಿಗೆ ಇದು ಜಂಬವಾಗಿ ಕಾಣುತ್ತಿತ್ತು. ಬಾಲ್ಯದ ಗೆಳೆಯ ಈರಣ್ಣನ ಮನೆಯಲ್ಲೂ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಈರಣ್ಣ ಆ ಊರಿನ ಅತ್ಯುತ್ತಮ ಎರಕದವನು, ಇಬ್ಬರೂ ಒಂದೇ ಭಟ್ಟಿಯ ಮುಂದೆ ಕೆಲಸ ಕಲಿತವರು. ಒಬ್ಬ ಡಿಪ್ಲೊಮಾ ಮಾಡಿ ಪುಣೆಗೆ ಬಂದ, ಇನ್ನೊಬ್ಬ ಅಲ್ಲೇ ಶೆಡ್ಡು ಹಾಕಿದ. ಈರಣ್ಣ ಒಮ್ಮೆ ಸಿಟ್ಟಾಗಿ, ಹೋಳಿಗೆ ತಟ್ಟೆಯನ್ನು ಹಾಗೇ ಬಿಟ್ಟು ಹೋಗುತ್ತೀಯಲ್ಲ, ನನ್ನ ಹೆಂಡತಿ ಏನು ತಪ್ಪು ಮಾಡಿದಳು ಎಂದು ಕೇಳಿದ್ದನಂತೆ. ಕಾಕಾ ಅದಕ್ಕೆ ಕೊಟ್ಟ ಉತ್ತರವನ್ನು ನನಗೂ ಹೇಳಿದ್ದರು. "ನಾ ನಿನ್ನ ಮನ್ಯಾಗ ಉಂಡ್ರ, ನಾಳೆ ನಿನ್ನ ಮಾಲು ತಟ್ಟೂವಾಗ ನನ್ನ ಕಿವಿ ಸುಳ್ಳ ಹೇಳ್ತದ."

ಒಂದು ಸಲ ನನ್ನನ್ನೂ ಊರಿಗೆ ಕರೆದುಕೊಂಡು ಹೋದರು. ಕಾತ್ರಜದಿಂದ ಬೆಳಗಿನ ಬಸ್ಸು. ಗಡಿ ದಾಟಿದ ಕೂಡಲೇ ಬಸ್ಸು ನಿಂತಿತು, ಮುಂದೆ ಚೆಕ್‌ಪೋಸ್ಟಿನ ಲಾರಿಗಳ ಸಾಲು. ಕಾಕಾ ಇಳಿದು ನಡೆಯತೊಡಗಿದರು, ನಾನೂ ಹಿಂದೆ ಹೋದೆ. ಎದುರಿನ ಸಾಲಿನಲ್ಲಿ ಪುಣೆಯ ಕಡೆ ಮುಖಮಾಡಿ ಈರಣ್ಣನ ಲಾರಿ ನಿಂತಿತ್ತು. ಹಿಂದಿನ ದಿನ ಮಧ್ಯಾಹ್ನ ಬಂದದ್ದು. ಒಂದು ಫಾರ್ಮಿನ ಮೇಲೆ ಮೊಹರು ಇರಲಿಲ್ಲ. ಮೊಹರು ಹಾಕುವವರು ರಜೆಯಲ್ಲಿದ್ದರು. ಕಾಕಾ ಒಳಗೆ ಹೋಗಿ ಕನ್ನಡದಲ್ಲಿ ಮಾತಾಡಿದರು. ಆಚೆ ಮಹಾರಾಷ್ಟ್ರದ ಚೆಕ್‌ಪೋಸ್ಟಾದ ನಾಕಾಕ್ಕೂ ಹೋಗಿ ಮರಾಠಿಯಲ್ಲಿ ಮಾತಾಡಿದರು. ಎರಡೂ ಕಡೆ ಅವರಿಗೆ ಚಹಾ ಕೊಟ್ಟರು, ಎರಡೂ ಕಡೆ ಇನ್ನೊಬ್ಬರನ್ನು ಕೇಳಿ ಎಂದರು. ಲಾರಿ ಅಲ್ಲೇ ನಿಂತಿತು.

ತಿರುಗಿ ಬಂದು ಬಸ್ಸಿನಲ್ಲಿ ಕೂತ ಮೇಲೆ ಅವರು ಹೇಳಿದ್ದು ನನಗೆ ಸರಿಯಾಗಿ ನೆನಪಿದೆ. "ಆ ಕಡೆ ಊರಾಗೂ ಇದ ಗಾಲಿ ಮಾಡ್ತಾರ. ನಿನ್ನೆ ಹೊಂಟಿದ್ದು ನಿನ್ನೆನ ಪುಣೇಕ ಮುಟ್ಟಿರ್ತದ. ನಮ್ಮವರ ಕೈಯಾಗ ಏನೂ ಕಮ್ಮಿ ಇಲ್ಲ, ತಮ್ಮಾ. ನಡುವ ಈ ಅಡ್ಡಗಟ್ಟಿಗಿ ಅದ, ಅಷ್ಟ."

ಕೈಯಲ್ಲಿ ಏನೂ ಕಮ್ಮಿ ಇರಲಿಲ್ಲ ಎಂಬುದನ್ನು ಆ ಮಧ್ಯಾಹ್ನ ನಾನೂ ಕಂಡೆ. ಈರಣ್ಣ ತೆಳ್ಳನೆಯ, ಉದ್ದ ಕೈಯ ಮನುಷ್ಯ. ಮರಳಿನ ಅಚ್ಚನ್ನು ಅಂಗೈಯಿಂದ ಸವರಿದರೆ ಮಗುವಿನ ತಲೆ ಸವರಿದ ಹಾಗೆ ಇರುತ್ತಿತ್ತು. ಭಟ್ಟಿ ಕಾದು, ಕಬ್ಬಿಣ ನೀರಾಗಿ, ಆಳುಗಳು ಅದನ್ನು ಅಚ್ಚಿಗೆ ಹೊಯ್ಯಲು ಶುರು ಮಾಡಿದ್ದರು. ಕರೆಂಟು ಹೋಯಿತು. ಭಟ್ಟಿಗೆ ಗಾಳಿ ಊದುವ ಪಂಖ ನಿಂತಿತು. ಎಲ್ಲರೂ ಭಟ್ಟಿಯ ಬಾಯನ್ನು ನೋಡುತ್ತ ನಿಂತರು. ಕೆಂಪು ಬಣ್ಣ ನಿಧಾನವಾಗಿ ಕಂದಾಯಿತು. ಇನ್ನು ಭಟ್ಟಿಯ ಹೊಟ್ಟೆಯೊಳಗೆ ಗಟ್ಟಿಯಾದ ಕಬ್ಬಿಣವನ್ನು ಎರಡು ದಿನ ಕೂತು ಒಡೆದು ತೆಗೆಯಬೇಕು ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದರು. ಈರಣ್ಣ ಬೀಡಿ ಹಚ್ಚಿ ಹೊರಗೆ ಹೋಗಿ ಕೂತ. ಅರ್ಧ ತುಂಬಿದ ಅಚ್ಚುಗಳನ್ನೂ ಒಡೆಯಬೇಕು. ನಿಂತು ಹೋದ ಎರಕದ ಮೇಲೆ ಆಮೇಲೆ ಹೊಯ್ದ ಬಿಸಿ ಕಬ್ಬಿಣ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಮೇಲೆ ಕೂಡಿದಂತೆ ಕಂಡರೂ ಒಳಗೆ ಸೀಳು ಉಳಿಯುತ್ತದೆ.

ದಶಕದ ಕೊನೆಯ ಹೊತ್ತಿಗೆ ನಮ್ಮ ಕಾರ್ಖಾನೆ ಬದಲಾಯಿತು. ಪುಣೆಯ ಹೊರಗಿನ ರಾಂಜಣಗಾಂವದ ಕಡೆ ಹೊಸ ಹೊಸ ಫ್ಯಾಕ್ಟರಿಗಳು ಎದ್ದಿದ್ದವು. ಅವಕ್ಕೆ ಮಾಲು ಒದಗಿಸುವವರು ಪಕ್ಕದ ಗೇಟಿನಲ್ಲೇ ಕೂತಿರುತ್ತಿದ್ದರು, ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ತಂದಿಡುತ್ತಿದ್ದರು. ನಮ್ಮಲ್ಲಿ ಹೊಸ ಮ್ಯಾನೇಜರರು ಬಂದರು. ಕೆಟ್ಟವರಲ್ಲ, ಅವಸರದವರು. ಸಪ್ಲೈಯರುಗಳು ಕಡಿಮೆ ಇರಬೇಕು, ಹತ್ತಿರ ಇರಬೇಕು, ಗುಣಮಟ್ಟದ ಸರ್ಟಿಫಿಕೇಟು ಇರಬೇಕು. ಒಂದು ವರ್ಷದಲ್ಲಿ ಮೂರು ಸಲ ಯಾರ ಮಾಲು ತಿರಸ್ಕಾರವಾಗುತ್ತದೋ ಅವರ ಹೆಸರು ಪಟ್ಟಿಯಿಂದ ಹೋಗಬೇಕು. ಇಷ್ಟು ದೂರದ ಒಂದು ಊರಿನಿಂದ, ಅದೂ ಬೇರೆ ರಾಜ್ಯದಿಂದ, ಏಕೆ ತರಿಸುತ್ತೀರಿ ಎಂದು ಅವರು ಮೀಟಿಂಗಿನಲ್ಲಿ ನೇರವಾಗಿ ಕೇಳಿದರು. ಅವರ ಕೈ ಚೆನ್ನಾಗಿದೆ ಎಂದು ಕಾಕಾ ಹೇಳಿದರು. ಮ್ಯಾನೇಜರರು ಆ ಮಾತನ್ನು ಬರೆದುಕೊಳ್ಳಲಿಲ್ಲ.

ಆಗ ಕಾಕಾ ಒಂದು ದಾರಿ ಹುಡುಕಿದರು. ಒಬ್ಬೊಬ್ಬ ಶೆಡ್ಡಿನವನಿಗೆ ಆಗದ್ದನ್ನು ಎಲ್ಲರೂ ಕೂಡಿ ಮಾಡಬಹುದು: ಎಲ್ಲರಿಗೂ ಸೇರಿ ಒಂದು ದೊಡ್ಡ ಜನರೇಟರು, ಎರಕವನ್ನು ಪರೀಕ್ಷಿಸುವ ಒಂದು ಕೋಣೆ, ಎಲ್ಲರ ಕಾಗದಪತ್ರ ನೋಡಿಕೊಳ್ಳುವ ಒಬ್ಬ ಗುಮಾಸ್ತ. ಸುಮಾರು ಒಂದು ವರ್ಷ ಅವರು ಪ್ರತಿ ರವಿವಾರ ಊರಿಗೆ ಹೋದರು. ಶಾಲೆಯ ವರಾಂಡದಲ್ಲಿ ಶೆಡ್ಡಿನವರನ್ನೆಲ್ಲ ಕೂರಿಸಿ ರಿಜಿಸ್ಟರು ಬರೆಯುವುದನ್ನು ಹೇಳಿಕೊಟ್ಟರು. ಅರ್ಧ ಜನ ಕನ್ನಡದಲ್ಲಿ ಬರೆದರು, ಅರ್ಧ ಜನ ಮರಾಠಿಯಲ್ಲಿ. ನನಗೆ ಎರಡೂ ಓದಲಿಕ್ಕೆ ಬರ್ತದ ಎಂದು ಕಾಕಾ ನಗುತ್ತಿದ್ದರು. ಅವರು ಮನಸ್ಸು ಬಿಚ್ಚಿ ನಗುವುದನ್ನು ನಾನು ಕಂಡದ್ದು ಆ ವರ್ಷ ಮಾತ್ರ. ಜನರೇಟರಿನ ಮಾತುಕತೆ ಮುಗಿಯಿತು. ಊರ ಹೊರಗೆ ಒಂದು ಜಾಗ ಸಿಕ್ಕಿತು, ಕೋಣೆ ಎದ್ದಿತು, ಹಂಚೂ ಹೊದಿಸಿದರು.

ಆಮೇಲೆ ಬೋರ್ಡು ಬರೆಸುವ ಮಾತು ಬಂತು.

ಕೋಣೆಯ ಬಾಗಿಲ ಮೇಲಿನ ಹೆಸರು ಕನ್ನಡದಲ್ಲಿರಬೇಕು ಎಂದು ಕೆಲವರು, ಮರಾಠಿಯಲ್ಲಿರಬೇಕು ಎಂದು ಕೆಲವರು. ಎರಡೂ ಇರಲಿ ಎಂದಾಗ ಯಾವುದು ಮೇಲೆ ಎಂಬ ಪ್ರಶ್ನೆ ಎದ್ದಿತು. ಅಲ್ಲಿಯವರೆಗೆ ಒಂದೇ ಬಕೆಟ್ಟಿನ ನೀರು ಕುಡಿದು ಕೆಲಸ ಮಾಡಿದವರು ಬೇರೆ ಬೇರೆ ಕಟ್ಟೆಗಳ ಮೇಲೆ ಕೂರತೊಡಗಿದರು. ಹೊರಗಿನಿಂದ ಎರಡೂ ಪಕ್ಷದ ಮುಂದಾಳುಗಳು ಜೀಪಿನಲ್ಲಿ ಬಂದು ಹೋದರು. ಬೋರ್ಡೇ ಬೇಡ, ಬಾಗಿಲಿಗೆ ಬರೀ ಒಂದು ಗಾಲಿಯ ಚಿತ್ರ ಬರೆಸೋಣ ಎಂದರು ಕಾಕಾ. ಕನ್ನಡದವರು ಅವರನ್ನು ಪುಣೆಯ ಮನುಷ್ಯ ಎಂದರು. ಮರಾಠಿಯವರು, ಎಷ್ಟೆಂದರೂ ನಿಮ್ಮ ಮನೆಮಾತು ಕನ್ನಡ ಎಂದರು. ಮುಂದಿನ ರವಿವಾರ ಅವರು ಹೋದಾಗ ಶಾಲೆಯ ವರಾಂಡದಲ್ಲಿ ಈರಣ್ಣ ಒಬ್ಬನೇ ಕೂತಿದ್ದನಂತೆ. ಇಬ್ಬರೂ ಸ್ವಲ್ಪ ಹೊತ್ತು ಕೂತು ಎದ್ದು ಬಂದರು. ಜನರೇಟರು ಬರಲೇ ಇಲ್ಲ. ಕೋಣೆಗೆ ಬಿದ್ದ ಬೀಗ ಹಾಗೇ ಉಳಿಯಿತು.

ಇದಾದ ಮರು ವರ್ಷ ಬೇಸಿಗೆಯಲ್ಲಿ ಊರಿನಲ್ಲಿ ಕರೆಂಟು ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಊರಿನ ಬೇರೆ ಬೇರೆ ಶೆಡ್ಡುಗಳ ಹೆಸರು ಒಂದೊಂದಾಗಿ ಪಟ್ಟಿಯಿಂದ ಹೋದವು. ಈರಣ್ಣನ ಮಾಲು ಎರಡು ಸಲ ತಿರಸ್ಕಾರವಾಗಿತ್ತು, ಎರಡು ಸಲವೂ ಅಳತೆಯ ತಪ್ಪು, ಹಿಡಿದವನು ನಾನು. ಮೂರನೆಯ ಸಲ ಬಂದದ್ದು ಗಾಲಿಗಳ ಲಾರಿ. ಅಳತೆ ಎಲ್ಲ ಸರಿಯಿತ್ತು. ಆ ದಿನ ಈರಣ್ಣ ತಾನೇ ಲಾರಿಯ ಜೊತೆ ಬಂದಿದ್ದ. ಹಿಂದೆ ಯಾವತ್ತೂ ಹಾಗೆ ಬಂದವನಲ್ಲ.

ಕಾಕಾ ಅಂಗಳಕ್ಕೆ ಇಳಿದು ತಟ್ಟುತ್ತಾ ಹೋದರು. ಒಂದು ಗಾಲಿಯ ಹತ್ತಿರ ನಿಂತರು. ಮತ್ತೆ ತಟ್ಟಿದರು. ಮುಂದೆ ಹೋಗಿ, ಇನ್ನೆರಡರ ಹತ್ತಿರ ನಿಂತು ಹಿಂದಕ್ಕೆ ಬಂದರು. ಕೊನೆಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಇನ್ನೊಂದು ಸಲ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ನನಗೆ ಎಲ್ಲವೂ ಗಂಟೆಯ ಹಾಗೇ ಕೇಳಿದವು.

ಈರಣ್ಣ ಹತ್ತಿರ ಬಂದ. "ಇದೊಂದ ಸಲ" ಎಂದ. ಅಷ್ಟೇ ಮಾತು.

ಕಾಕಾ ತಲೆ ಎತ್ತಲಿಲ್ಲ. "ತಿರಗೋ ಗಾಲಿ ಇದು, ಈರ್ಯಾ. ಇದರ ಮಗ್ಗಲಕ ಯಾರರ ನಿಂತಿರ್ತಾರ" ಎಂದರು.

ಎದ್ದು ಕೆಂಪು ಬಣ್ಣದ ಡಬ್ಬಿ ತರಿಸಿದರು. ತಿರಸ್ಕಾರದ ಗುರುತು ಹಾಕುವುದು ಆಳುಗಳ ಕೆಲಸ. ಅವತ್ತು ಕಾಕಾ ತಾವೇ ಬ್ರಷ್ಷು ಹಿಡಿದು ಒಂದೊಂದರ ಮೇಲೂ ಗೆರೆ ಎಳೆದರು. ನಾನು ಎಳೆಯುತ್ತೇನೆ ಬಿಡಿ ಎಂದೆ. ಬೇಡ ಎಂದರು. ಈರಣ್ಣ ಲಾರಿಯ ನೆರಳಿಗೆ ನಿಂತು ಎಲ್ಲವನ್ನೂ ನೋಡಿದ. ನಮ್ಮಲ್ಲಿ ತಿರಸ್ಕಾರವಾದ ಮಾಲನ್ನು ಒಡೆಯುವ ಹಾಗಿರಲಿಲ್ಲ, ಮಾಡಿದವನಿಗೇ ಇದ್ದ ಹಾಗೆ ತಿರುಗಿ ಹೋಗಬೇಕು. ಸಂಜೆಯೊಳಗೆ ಲಾರಿ ಹೋಯಿತು. ಮರುದಿನ ಮ್ಯಾನೇಜರರು ಈರಣ್ಣನ ಹೆಸರನ್ನು ತೆಗೆದರು. ಇಬ್ಬರಿಗಾಗಿ ಅಷ್ಟು ದೂರದಿಂದ ಲಾರಿ ತರಿಸುವುದರಲ್ಲಿ ಅರ್ಥವಿಲ್ಲವೆಂದು ಉಳಿದಿದ್ದ ಇನ್ನಿಬ್ಬರ ಹೆಸರೂ ಅದೇ ಕಾಗದದಲ್ಲಿ ಹೋಯಿತು. ಕೆಳಗೆ ಇಬ್ಬರ ಸಹಿ ಬೇಕಿತ್ತು. ಎರಡನೆಯದು ಕಾಕಾನದು.

ಊರಿನಲ್ಲಿ ಶೆಡ್ಡುಗಳು ಮುಚ್ಚಿದವು. ಈರಣ್ಣನ ಲೇಥು, ಅಚ್ಚಿನ ಪೆಟ್ಟಿಗೆಗಳು, ಪಂಖ ಎಲ್ಲವನ್ನೂ ಗಡಿಯಾಚೆಯ ಊರಿನವರು ಬಂದು ಕೊಂಡೊಯ್ದರು. ತಾನು ಬೆಳೆಸಿದ ಊರನ್ನೇ ಕೆಡಿಸಿದ ಮನುಷ್ಯ ಎಂದು ಕಾಕಾಗೆ ಹೆಸರು ಬಂತು. ಅವರ ತಂಗಿಯ ಮಗಳ ಮದುವೆಗೆ ನಾನೂ ಹೋಗಿದ್ದೆ. ಊಟದ ಸಾಲಿನಲ್ಲಿ ಕಾಕಾ ಕೂತ ಕೂಡಲೇ ಅವರ ಎಡಬಲದಲ್ಲಿದ್ದವರು ಎದ್ದು ಬೇರೆ ಕಡೆ ಹೋದರು. ಎಡಕ್ಕೆ ನಾನು ಹೋಗಿ ಕೂತೆ. ಬಲಗಡೆಯ ಎಲೆ ಬಡಿಸಿದ ಹಾಗೇ ಉಳಿಯಿತು. ಅವರು ಏನೂ ಆಗದವರಂತೆ ಊಟ ಮುಗಿಸಿದರು. ತಂಗಿಯ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ತಾನು ಹೋದರೆ ಅವಳಿಗೂ ಊರಿನಲ್ಲಿ ಕಷ್ಟ ಎಂದರು.

ಶೆಡ್ಡು ಬಿಟ್ಟವರು ಎಲ್ಲಿಗೆ ಹೋಗಬೇಕು? ಪುಣೆಗೇ ಬಂದರು. ರಾಂಜಣಗಾಂವದಲ್ಲಿ ಗುತ್ತಿಗೆ ಕೂಲಿಗಳಾಗಿ ಸೇರಿದರು. ಯಾವ ಫ್ಯಾಕ್ಟರಿಗಳಿಂದಾಗಿ ಅವರ ಕೆಲಸ ಹೋಯಿತೋ ಅಲ್ಲೇ ಭಾರ ಹೊತ್ತರು, ಕಸ ಗುಡಿಸಿದರು. ಎರಕದ ಕೆಲಸ ಬಲ್ಲವರು ಎಂದು ಅವರನ್ನು ಯಾರೂ ಕೇಳಲಿಲ್ಲ. ಈರಣ್ಣನೂ ಬಂದಿದ್ದಾನೆ, ಒಂದು ಫ್ಯಾಕ್ಟರಿಯ ಗೋದಾಮಿನಲ್ಲಿದ್ದಾನೆ ಎಂದು ಸುದ್ದಿ ಬಂದಾಗ ಕಾಕಾ ನನ್ನನ್ನು ಕರೆದರು. ಅವರೆಲ್ಲರಿಗೆ ಬಾಡಿಗೆ ಕೋಣೆ, ರೇಷನ್ ಕಾರ್ಡು, ಮಕ್ಕಳ ಶಾಲೆ ನೋಡಿಕೊಡು, ನನ್ನ ಹೆಸರು ಎಲ್ಲೂ ಹೇಳಬೇಡ ಎಂದರು. ಎರಡು ವರ್ಷ ಆ ಕೆಲಸ ಮಾಡಿದೆ. ಓಡಾಡಿದವನು ನಾನು, ಹಿಂದೆ ನಿಂತು ಮಾಡಿಸಿದವರು ಅವರು. ಆ ಜನರು ಇವತ್ತಿಗೂ ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ.

ನಿವೃತ್ತಿಯ ದಿನ ಹಾರ, ಶಾಲು ಆದ ಮೇಲೆ ಎರಡು ಮಾತು ಹೇಳಿ ಎಂದರು. ಕಾಕಾ ಎದ್ದು ನಿಂತು, ಮರಾಠಿಯಲ್ಲಿ, ಎಲ್ಲರೂ ಕೈ ಜೋಪಾನ ಎಂದು ಹೇಳಿ ಕೂತುಬಿಟ್ಟರು. ಆಮೇಲೆ ಅವರು ಅರ್ಜಿಗಳನ್ನು ಬರೆಯತೊಡಗಿದರು. ಗಡಿಯ ಊರುಗಳಿಗೆ ಮೊದಲು ಕರೆಂಟು ಕೊಡಬೇಕು, ಎರಡು ನಾಕಾಗಳ ಬದಲು ಒಂದೇ ಇರಬೇಕು, ಒಂದೇ ಫಾರ್ಮು ಎರಡೂ ರಾಜ್ಯದಲ್ಲಿ ನಡೆಯಬೇಕು. ಕನ್ನಡದ್ದು ಬೆಂಗಳೂರಿಗೆ, ಮರಾಠಿಯದು ಮುಂಬೈಗೆ. ನಾನು ಟೈಪು ಮಾಡಿಸಿ ತರುತ್ತಿದ್ದೆ. ಅರ್ಜಿ ಮುಟ್ಟಿದೆ ಎಂಬ ಕಾರ್ಡು ಕೆಲವೊಮ್ಮೆ ಬರುತ್ತಿತ್ತು, ಬೇರೇನೂ ಬರಲಿಲ್ಲ.

ಕೆಲವು ವರ್ಷಗಳಲ್ಲಿ ಹೆದ್ದಾರಿ ಅಗಲವಾಯಿತು. ಊರಿನ ಪಕ್ಕದಲ್ಲಿ ಮೇಲ್ಸೇತುವೆ ಬಂತು. ಧಾರವಾಡಕ್ಕೆ ಹೊರಟಾಗ ಒಮ್ಮೆ ಅವರನ್ನೂ ಕಾರಿನಲ್ಲಿ ಕರೆದೊಯ್ದೆ. ಗಾಡಿ ಸೇತುವೆ ಏರಿತು, ಕೆಳಗೆ ಎಡಗಡೆ ಶೆಡ್ಡುಗಳ ತುಕ್ಕು ಹಿಡಿದ ತಗಡು ಕಾಣಿಸಿ ಮರೆಯಾಯಿತು. ನಿಲ್ಲಿಸಲೇ ಎಂದು ಕೇಳಿದೆ. ಬೇಡವೆಂದು ಕೈ ಮಾಡಿದರು. ಊರು ಹಿಂದೆ ಬಿದ್ದ ಮೇಲೆ, "ದಾರಿ ಛಲೋ ಆತು. ಈಗ ಕಳಸಾಕ ಮಾಲ ಇಲ್ಲ" ಎಂದರು.

ಆ ಹೊತ್ತಿಗೆ ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದಾಗ, ಇದು ಈಚೆಗೆ ಆದದ್ದಲ್ಲ, ಹತ್ತಾರು ವರ್ಷ ಭಟ್ಟಿ, ಸುತ್ತಿಗೆಗಳ ಸದ್ದಿನಲ್ಲಿ ಇದ್ದವರಿಗೆ ಕಿವಿ ಗೊತ್ತಿಲ್ಲದ ಹಾಗೆ ಹೋಗುತ್ತಾ ಬಂದಿರುತ್ತದೆ ಎಂದು ಹೇಳಿದರು. ಡಾಕ್ಟರರಿಗೆ ಅದು ಸಾಮಾನ್ಯ ಮಾತು. ಕಾಕಾ ಅದನ್ನು ಕೇಳಿ ಕುರ್ಚಿಯ ಕೈ ಹಿಡಿದು ಕೂತದ್ದನ್ನು ನಾನು ನೋಡಿದೆ. ಹೊರಗೆ ಬಂದು ರಿಕ್ಷಾ ಹತ್ತುವ ಮುಂಚೆ ನನ್ನ ಕೈ ಹಿಡಿದು ಕೇಳಿದರು. "ಅವತ್ತು ನಿನಗೂ ಕೇಳಿಸಿತ್ತಲ್ಲಾ? ಈರ್ಯಾನ ಗಾಲಿ."

ನಾನು ಹೌದು ಎಂದೆ. ಅವರು ನನ್ನ ಮುಖ ನೋಡಿದರು. ಇನ್ನೊಮ್ಮೆ ಜೋರಾಗಿ, ಹೌದು ಕಾಕಾ, ಸ್ಪಷ್ಟ ಕೇಳಿಸಿತ್ತು ಎಂದೆ. ಆಮೇಲೆ ಅವರು ಇದನ್ನು ನಾಲ್ಕಾರು ಸಲ ಕೇಳಿದ್ದಾರೆ. ಊಟದ ನಡುವೆ, ಫೋನಿನಲ್ಲಿ, ಒಮ್ಮೆ ಆಸ್ಪತ್ರೆಯ ಮಂಚದ ಮೇಲಿಂದ. ಪ್ರತಿ ಸಲವೂ ನಾನು ಅದೇ ಉತ್ತರ ಕೊಟ್ಟೆ. ಅವರು ನಂಬಿದರೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಅವರು ಹೋದ ಐದಾರು ದಿನಕ್ಕೆ ನಾನು ರಾಂಜಣಗಾಂವಕ್ಕೆ ಹೋಗಿ ಈರಣ್ಣನನ್ನು ಹುಡುಕಿದೆ. ಗುಡಿಯ ಹಿಂದಿನ ಚಾಳಿನಲ್ಲಿ ಒಂದು ಕೋಣೆ. ಕೂದಲು ಪೂರಾ ಬೆಳ್ಳಗಾಗಿತ್ತು. ಸುದ್ದಿ ಅವನಿಗೆ ಆ ದಿನವೇ ಮುಟ್ಟಿತ್ತಂತೆ. ಬರಲಿಲ್ಲವೇಕೆ ಎಂದು ನಾನು ಕೇಳಲಿಲ್ಲ. ಕೂರಿಸಿ ಚಹಾ ಕೊಟ್ಟ. ಕೋಣೆ ಹುಡುಕಿಕೊಟ್ಟವರು, ಮಗನನ್ನು ಶಾಲೆಗೆ ಸೇರಿಸಿದವರು ನಿಜವಾಗಿ ಯಾರು ಎಂಬುದನ್ನು ಅವತ್ತು ಹೇಳಿದೆ. ಸತ್ತವರ ಮಾತು ಮೀರಿದ ಹಾಗಾಯಿತು, ಆದರೂ ಹೇಳಿದೆ. ಅವನು ತನ್ನ ಚಹಾದ ಬಸಿಯನ್ನು ಕೆಳಗಿಟ್ಟ.

ಆಮೇಲೆ ನೆಲ ನೋಡುತ್ತಾ ಹೇಳಿದ. "ಸಾಹೇಬ್ರ, ಆ ಗಾಲಿ ಸೀಳಿದ್ವು. ಹೊಯ್ಯೂ ನಡುವ ಕರೆಂಟ ಹೋಗಿತ್ತು. ಬಂದ ಮ್ಯಾಲ ಅದರ ಮ್ಯಾಲೇ ಹೊಯ್ಸಿದೆ. ತಿರುಗಿ ಬಂದ ದಿನ ಒಂದ ಒಡದ ನೋಡಿದೆ, ನಡುವ ಕೂಡೇ ಇರಲಿಲ್ಲ."

ಅವರಿಗೆ ಇದನ್ನು ಯಾವತ್ತಾದರೂ ಹೇಳಿದ್ದೆಯಾ ಎಂದು ಕೇಳಿದೆ.

"ಹೆಂಗ ಹೇಳ್ಲಿರಿ. ಊರು ಪೂರಾ ಅವನ್ನ ಬೈತಿತ್ತು. ನಂದ ತಪ್ಪ ಅಂದಿದ್ರ ನನ್ನ ಬೈತಿದ್ರು. ಅವ ಪುಣೇದಾಗಿದ್ದ. ನಾ ಆಗ ಊರಾಗ ಇರಬೇಕಾಗಿತ್ತು." ಅಂಗೈಯಿಂದ ನೆಲ ಸವರುತ್ತಾ, "ಆಮ್ಯಾಗ ಹೇಳೂಣು, ಆಮ್ಯಾಗ ಹೇಳೂಣು ಅಂತ ಇಷ್ಟ ವರ್ಷ ಆದ್ವು" ಎಂದ.

ನನಗೆ ಅವನ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ರಾಂಜಣಗಾಂವದಿಂದ ಕಾತ್ರಜಕ್ಕೆ ಎರಡು ತಾಸಿನ ದಾರಿ. ಒಂದು ರಜೆಯ ದಿನ ಬಸ್ಸು ಹತ್ತಿ ಬಂದು ಈ ಒಂದು ಮಾತು ಹೇಳಿದ್ದರೆ ಆ ಮುದುಕ ಕೊನೆಯ ವರ್ಷಗಳನ್ನು ತನ್ನ ಕಿವಿಯ ಮೇಲೆ ಸಂಶಯಪಡುತ್ತಾ ಕಳೆಯುತ್ತಿರಲಿಲ್ಲ. ಬೈಯಬೇಕೆಂದು ಬಾಯಿ ತೆಗೆದೆ. ಆದರೆ ನಾನೂ ಅವರಿಗೆ ನಿಜ ಹೇಳಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಹದಿಮೂರನೆಯ ದಿನ, ಬಂದವರೆಲ್ಲ ಹೋದ ಮೇಲೆ, ಕಾಕುಗೆ ಇದನ್ನು ಹೇಳಿದೆ. ಊರಿನವರಿಗೆ ತಿಳಿಸುತ್ತೇನೆ, ತಂಗಿಯ ಮನೆಯವರಿಗಾದರೂ ಗೊತ್ತಾಗಲಿ, ಬೇಕಾದರೆ ನಾನೇ ಹೋಗಿ ಬರುತ್ತೇನೆ ಎಂದೆ. ಕಾಕು ಕೇಳಿಸಿಕೊಳ್ಳುತ್ತಾ ಅವರ ಅಂಗಿಗಳನ್ನು ಮಡಿಚಿಡುತ್ತಿದ್ದರು. ಕೈ ನಿಂತಿತು.

"ಬ್ಯಾಡಪಾ" ಎಂದರು. "ಇವ್ರಂತೂ ಹೋದ್ರು. ಅವ ಹಬ್ಬಕ್ಕರ ಊರಿಗೆ ಹೋಗ್ತಾನ, ನಾಕ ಮಂದಿ ಬಾ ಅಂತಾರ, ಹೋಗ್ಲಿ. ಅವನೂ ಒಬ್ಬನ ಕುಂತು ಉಣ್ಣೂದು ಯಾಕ."

ಕಾಕು ಈಗಿಲ್ಲ. ಅವರು ಇರುವವರೆಗೆ ನಾನು ಯಾರಿಗೂ ಹೇಳಲಿಲ್ಲ. ಈಗಲೂ ಅವರ ಮಾತು ಪೂರ್ತಿ ಮೀರಲು ಮನಸ್ಸಾಗುವುದಿಲ್ಲ. ಅದಕ್ಕೇ ಇಲ್ಲಿ ಊರಿನ ಹೆಸರಿಲ್ಲ, ಕಾಕಾನ ಹೆಸರಿಲ್ಲ. ಈರಣ್ಣ ಎಂಬುದು ನಾನಿಟ್ಟ ಹೆಸರು. ಆದರೆ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಇದನ್ನು ಬರೆದಿಡಬೇಕಿತ್ತು. ಕಾಕಾಗೆ ಅವತ್ತು ಸರಿಯಾಗಿಯೇ ಕೇಳಿಸಿತ್ತು.